ಬೀಡಿನ ಕಾವಲಿ ಕೊಳ್ಳೋಣವೇ, ಬೇಡವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೀಡಿನ, ಅಂದರೆ ಎರಕದ ಕಬ್ಬಿಣದ ಪಾತ್ರೆಗಳ ಬಗ್ಗೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ನಾನ್‌ಸ್ಟಿಕ್ ತವಾದ ಪದರ ಎರಡು ವರ್ಷಕ್ಕೇ ಏಳುತ್ತದೆ. ಬೀಡಿನ ಕಾವಲಿ, ಬಾಣಲೆ, ಪಡ್ಡಿನ ಹಂಚು ಮೂರೂ ಸೇರಿದ ಸೆಟ್ ರಿಯಾಯಿತಿಯಲ್ಲಿ ಸಿಗುತ್ತಿದೆ. ಕೊಳ್ಳಬಹುದೇ?
– ಗೃಹಿಣಿ, ತುಮಕೂರು

ಸೆಟ್ ಬೇಡ. ದೋಸೆ ಕಾವಲಿ ಒಂದನ್ನೇ ಕೊಳ್ಳಿ. ಅದು ಕೈಗೆ ಒಗ್ಗಿದ ಮೇಲೆ ಪಡ್ಡಿನ ಹಂಚಿನ ವಿಚಾರ ನೋಡಿ. ಬಾಣಲೆ ಕೊನೆಗೆ. ನಮ್ಮ ಕಡೆ ಬಾಣಲೆಯಲ್ಲಿ ಮಾಡುವ ಪಲ್ಯ, ಗೊಜ್ಜಿಗೆಲ್ಲ ಹುಣಸೆಯೋ ಟೊಮೆಟೊವೋ ನಿಂಬೆಯೋ ಬಿದ್ದೇ ಬೀಳುತ್ತದೆ. ಹುಳಿಗೂ ಬೀಡಿಗೂ ಆಗಿಬರುವುದಿಲ್ಲ. ಕರಿಯುವುದಕ್ಕೆ ಮಾತ್ರ ಮೀಸಲಿಡುವುದಾದರೆ ಬೀಡಿನ ಬಾಣಲೆ ಬಹಳ ಚೆನ್ನ.

ಬೀಡು ಶಾಖವನ್ನು ಸಮನಾಗಿ ಹರಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅದು ತಪ್ಪು. ಅಲ್ಯೂಮಿನಿಯಂ ಶಾಖವನ್ನು ಬೀಡಿಗಿಂತ ನಾಲ್ಕು ಪಟ್ಟು ಬೇಗ ಹರಡುತ್ತದೆ. ಬೀಡಿನ ಗುಣ ಇರುವುದು ಹಿಡಿದಿಡುವುದರಲ್ಲಿ. ಎರಡೂವರೆ ಕಿಲೋ ಕಾದ ಲೋಹದ ಮೇಲೆ ಒಂದು ಸೌಟು ತಣ್ಣನೆಯ ಹಿಟ್ಟು ಬಿದ್ದರೆ ಅದರ ಕಾವು ಅಷ್ಟಾಗಿ ಇಳಿಯುವುದಿಲ್ಲ. ಹಿಟ್ಟಿನ ತಳ ಕೂಡಲೇ ಕಟ್ಟಿಕೊಂಡು ಹೊಂಬಣ್ಣಕ್ಕೆ ತಿರುಗುತ್ತದೆ. ತೆಳು ತವಾದಲ್ಲಿ ಕಾವು ಇಳಿದು ಮತ್ತೆ ಏರುವಷ್ಟರಲ್ಲಿ ದೋಸೆ ಬೇಯುತ್ತದೆ ಹೊರತು ಗರಿಗರಿಯಾಗುವುದಿಲ್ಲ.

ಇನ್ನು ಬಾಳಿಕೆ. ನಾನ್‌ಸ್ಟಿಕ್ ಲೇಪ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ. ಜೋರು ಉರಿಯಲ್ಲಿ ಖಾಲಿ ತವಾ ಮರೆತರೆ ಅಷ್ಟು ಕಾವು ಏರುವುದಕ್ಕೆ ಕೆಲವೇ ನಿಮಿಷ ಸಾಕು. ಬೀಡಿನ ಮೇಲಿನ ಎಣ್ಣೆಯ ಪದರವೂ ಕೆಡುತ್ತದೆ, ಆದರೆ ಅದನ್ನು ಮನೆಯಲ್ಲೇ ಮತ್ತೆ ಕಟ್ಟಬಹುದು.

ಯಾರಿಗೆ ಬೇಡ? ಬೆಳಿಗ್ಗೆ ಎರಡೇ ಎರಡು ದೋಸೆ ಹುಯ್ಯುವ ಮನೆಗೆ ಬೇಡ. ಎರಡೂವರೆ ಕಿಲೋ ಕಾವಲಿಯನ್ನು 200 ಡಿಗ್ರಿಗೆ ತರಲು ಸುಮಾರು 200 ಕಿಲೋಜೂಲ್ ಶಾಖ ಬೇಕು. ಒಲೆಯಿಂದ ಪೋಲಾಗುವುದನ್ನೂ ಸೇರಿಸಿದರೆ ಅಂದಾಜು 10ರಿಂದ 15 ಗ್ರಾಂ ಗ್ಯಾಸು ಕಾಯಿಸುವುದಕ್ಕೇ ಹೋಗುತ್ತದೆ. ಹತ್ತು ಹನ್ನೆರಡು ದೋಸೆಗೆ ಹಂಚಿದರೆ ಅದು ಲೆಕ್ಕಕ್ಕಿಲ್ಲ, ಎರಡಕ್ಕಾದರೆ ದಂಡ. ಮಣಿಕಟ್ಟು ನೋವಿನವರಿಗೆ, ವಯಸ್ಸಾದವರು ಒಬ್ಬರೇ ಅಡುಗೆ ಮಾಡುವ ಕಡೆಗೂ ಬೇಡ. ಪಾತ್ರೆಯನ್ನು ಸಿಂಕಿನಲ್ಲಿ ನೆನೆಹಾಕಿ ಮಧ್ಯಾಹ್ನ ತೊಳೆಯುವ ರೂಢಿಯಿದ್ದರೆ ಮೊದಲು ಆ ರೂಢಿ ಬಿಡಬೇಕು, ಆಮೇಲೆ ಬೀಡು.

ಸಂತೆಯಲ್ಲಿ ಸಿಗುವ ಕಾವಲಿಗೂ ಬ್ರ್ಯಾಂಡಿನದಕ್ಕೂ ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಬೀಡೋ ತಗಡೋ ಎಂದು ಗುರುತಿಸುವುದು ಹೇಗೆ?
– ಓದುಗರು, ಗುಬ್ಬಿ

ಅಯಸ್ಕಾಂತ ಎರಡಕ್ಕೂ ಅಂಟುತ್ತದೆ, ಅದರಿಂದ ಗೊತ್ತಾಗುವುದಿಲ್ಲ. ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಆದರೆ ಅಂಟುವುದಿಲ್ಲ, ಅಷ್ಟೇ ಉಪಯೋಗ. ಅಂಚು ನೋಡಿ. ತಗಡಿನದು ಎಲ್ಲ ಕಡೆ ಒಂದೇ ದಪ್ಪ, ತೆಳು, ಹಿಡಿ ಇದ್ದರೆ ರಿವೆಟ್ಟು ಹೊಡೆದೋ ಬೆಸೆದೋ ಇರುತ್ತದೆ. ಬೀಡಿನದರಲ್ಲಿ ಹಿಡಿ, ಕಿವಿ ಎಲ್ಲ ಒಂದೇ ಎರಕ. ಮೈ ಸಣ್ಣ ಮರಳಿನ ಹಾಗೆ ತರಿತರಿಯಾಗಿರುತ್ತದೆ, ಏಕೆಂದರೆ ಅದು ಮರಳಿನ ಅಚ್ಚಿನಿಂದಲೇ ಬಂದದ್ದು. ಸಣ್ಣ ತರಿ ದೋಷವಲ್ಲ. ಬೆರಳಿಗೆ ಚುಚ್ಚುವ ಗಂಟು, ಸೂಜಿ ಹೋಗುವಂಥ ತೂತು, ಹಿಟ್ಟು ಕೂರುವ ಗುಂಡಿ ಇದ್ದರೆ ಬಿಡಿ.

ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಹಿಡಿಯಲ್ಲಿ ನೇತಾಡಿಸಿ ಬೆರಳ ಗೆಣ್ಣಿನಿಂದ ತಟ್ಟಿ. ನಾದ ಸ್ವಲ್ಪ ಹೊತ್ತು ನಿಂತರೆ ಸರಿ, ‘ಟಪ್’ ಎಂದು ಸತ್ತರೆ ಎಲ್ಲೋ ಬಿರುಕಿದೆ. ಆಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡಡ್ಡ ನಿಲ್ಲಿಸಿ ಅಡಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ನಡು ಉಬ್ಬಿದ್ದರೆ ಎಣ್ಣೆಯೆಲ್ಲ ಅಂಚಿಗೆ ಓಡುತ್ತದೆ, ನಡುವಿನ ದೋಸೆ ಹಿಡಿಯುತ್ತದೆ. ಕೊನೆಯದು ತಕ್ಕಡಿ. 12 ಇಂಚಿನ, 5 ಮಿಲಿಮೀಟರ್ ದಪ್ಪದ ಬಿಲ್ಲೆ ಹಿಡಿ ಬಿಟ್ಟು ಎರಡೂವರೆ ಕಿಲೋ ತೂಗಬೇಕು. 10 ಇಂಚಿನ, 4 ಮಿಲಿಮೀಟರ್ ದಪ್ಪದ್ದು ಸುಮಾರು 1.4 ಕಿಲೋ. ಇದಕ್ಕಿಂತ ಬಹಳ ಹಗುರ ಇದ್ದರೆ ನೀವು ಬೀಡಿಗೆ ದುಡ್ಡು ಕೊಟ್ಟು ತಗಡಿನ ಗುಣ ತಂದ ಹಾಗೆ.

ಸಂತೆಯ ಮಾಲು ಕೆಟ್ಟದ್ದೆಂದೇನೂ ಇಲ್ಲ. ಆದರೆ ತುಕ್ಕು ಹಿಡಿಯದಿರಲೆಂದು ಕೆಲವಕ್ಕೆ ಕಪ್ಪು ಬಣ್ಣವನ್ನೋ ಯಂತ್ರದ ಎಣ್ಣೆಯನ್ನೋ ಬಳಿದಿರುತ್ತಾರೆ. ಬಿಳಿ ಬಟ್ಟೆಗೆ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಮೂಸಿ ನೋಡಿ. ಗ್ರೀಸು, ಪೇಂಟಿನ ವಾಸನೆ ಬಂದರೆ ಬೇರೆಯದು ನೋಡಿ. ಮನೆಯ ಗ್ಯಾಸ್ ಒಲೆಗೆ 10ರಿಂದ 11 ಇಂಚೇ ಸರಿ. ಬರ್ನರಿನ ಜ್ವಾಲೆ 12 ಇಂಚಿನ ಅಂಚಿಗೆ ಮುಟ್ಟುವುದಿಲ್ಲ, ನಡು ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ.

ನಮ್ಮಲ್ಲಿ ರಾಗಿ ರೊಟ್ಟಿಯನ್ನು ಕಾವಲಿಯ ಮೇಲೇ ತಟ್ಟುವುದು. ಬೀಡಿನದಾದರೆ ಆಗುತ್ತದೆಯೇ?
– ಓದುಗರು, ಮಧುಗಿರಿ

ಮೊದಲ ರೊಟ್ಟಿ ಚೆನ್ನಾಗಿಯೇ ಆಗುತ್ತದೆ. ತೊಂದರೆ ಎರಡನೆಯದರಿಂದ. ಕಾವಲಿಯ ಮೇಲೆ ಕೈಯಲ್ಲಿ ತಟ್ಟಬೇಕೆಂದರೆ ಅದು ಆರಿರಬೇಕು. ತಗಡಿನ ಕಾವಲಿಯ ಬೆನ್ನಿಗೆ ನೀರು ಹಾಯಿಸಿದರೆ ಅರೆ ನಿಮಿಷದಲ್ಲಿ ಆರುತ್ತದೆ. ಬೀಡು ತಾನಾಗಿ ಆರಲು ಕಾಲು ಗಂಟೆಯಾದರೂ ಬೇಕು. ತಡೆಯಲಾರದೆ ನಲ್ಲಿ ಕೆಳಗೆ ಹಿಡಿದಿರೋ, ಮುಗಿಯಿತು. ಬೀಡಿನಲ್ಲಿ ಇಂಗಾಲ ನೂರಕ್ಕೆ 2ಕ್ಕಿಂತ ಹೆಚ್ಚು. ಆ ಇಂಗಾಲದ ಬಹುಪಾಲು ಗ್ರಾಫೈಟ್ ಚಕ್ಕೆಗಳಾಗಿ ಲೋಹದೊಳಗೆ ಕೂತಿರುತ್ತದೆ. ಒಂದು ಭಾಗ ತಟ್ಟನೆ ಕುಗ್ಗಿ ಇನ್ನೊಂದು ಹಿಗ್ಗಿಯೇ ಇದ್ದರೆ ಆ ಚಕ್ಕೆಗಳ ಅಂಚಿನಿಂದ ಸೀಳು ಹೊರಡುತ್ತದೆ. ತಗಡು ಸೊಟ್ಟಗಾಗುತ್ತದೆ, ಬೀಡು ಒಡೆಯುತ್ತದೆ.

ಹಾಗಾಗಿ ತಟ್ಟುವ ರೊಟ್ಟಿಗೆ ನಿಮ್ಮ ತಗಡಿನ ಕಾವಲಿಗಳೇ ಸರಿ, ಎರಡು ಇಟ್ಟುಕೊಂಡು ಒಂದು ಬೇಯುವಾಗ ಇನ್ನೊಂದರಲ್ಲಿ ತಟ್ಟಿ. ಬೀಡೇ ಬೇಕೆಂದರೆ ಬಾಳೆಲೆ ಅಥವಾ ಒದ್ದೆ ಬಟ್ಟೆಯ ಮೇಲೆ ತಟ್ಟಿ, ಬಿಸಿ ಕಾವಲಿಗೆ ಮಗುಚಿ ಹಾಕಬೇಕು. ಅಕ್ಕಿ ರೊಟ್ಟಿಗೂ ಇದೇ ಮಾತು. ಈ ಒಂದು ಕಾರಣಕ್ಕೇ, ವಾರಕ್ಕೆ ನಾಲ್ಕು ದಿನ ರೊಟ್ಟಿ ಮಾಡುವ ಮನೆಯವರಿಗೆ ಬೀಡಿನ ಕಾವಲಿ ತಗೊಳ್ಳಿ ಎಂದು ನಾವು ಹೇಳುವುದಿಲ್ಲ.

ಹೊಸ ಕಾವಲಿ ಪಳಗಿಸಲು ಅಗಸೆ ಎಣ್ಣೆಯೇ ಬೇಕಂತೆ. ನಮ್ಮಲ್ಲಿ ಇರುವುದು ಕಡಲೆಕಾಯಿ ಎಣ್ಣೆ. ಒಮ್ಮೆ ಹಚ್ಚಿ ಕಾಯಿಸಿದೆ, ಮೈಯೆಲ್ಲ ಅಂಟಂಟು.
– ಓದುಗರು, ಚಿಂತಾಮಣಿ

ಅಂಟಾಗಿದ್ದು ಎಣ್ಣೆಯ ಜಾತಿಯಿಂದಲ್ಲ, ಪ್ರಮಾಣದಿಂದ. ಪಳಗಿಸುವುದೆಂದರೆ ಎಣ್ಣೆ ಕುಡಿಸುವುದಲ್ಲ. ತೀರಾ ತೆಳುವಾದ ಎಣ್ಣೆ ಜೋರು ಕಾವಿಗೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಎಣ್ಣೆ ದಪ್ಪವಾಗಿದ್ದರೆ ಮೇಲ್ಭಾಗ ಕಟ್ಟಿ ಒಳಗೆ ಅರೆಬರೆ ಉಳಿಯುತ್ತದೆ. ಅದೇ ಅಂಟು.

ಮೊದಲು ಬಿಸಿ ನೀರು, ಪಾತ್ರೆ ತೊಳೆಯುವ ದ್ರವ, ಒರಟು ಸ್ಕ್ರಬ್ಬರಿನಿಂದ ಅಂಟನ್ನು ಉಜ್ಜಿ ತೆಗೆಯಿರಿ. ಒರೆಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟು ಒಣಗಿಸಿ. ತೇವ ಉಳಿದರೆ ಪೊರೆಯ ಕೆಳಗೇ ತುಕ್ಕು ಏಳುತ್ತದೆ. ಕಾವಲಿ ಕೈಗೆ ತಾಳುವಷ್ಟು ಬೆಚ್ಚಗಿರುವಾಗ ಅರ್ಧ ಟೀ ಚಮಚ ಎಣ್ಣೆ ಹಾಕಿ ಹಿಂದೆ, ಮುಂದೆ, ಹಿಡಿಗೆ ಎಲ್ಲ ಸವರಿ. ಈಗ ಬೇರೆ ಒಣ ಹತ್ತಿ ಬಟ್ಟೆ ತೆಗೆದುಕೊಂಡು ಅಷ್ಟೂ ಎಣ್ಣೆಯನ್ನು ಒರೆಸಿಬಿಡಿ. ಹಚ್ಚಿದ್ದೇ ತಪ್ಪಾಯಿತು, ಪೂರ್ತಿ ತೆಗೆಯಬೇಕು ಅನ್ನುವ ಹಾಗೆ ಒರೆಸಬೇಕು. ಹೊಳಪು ಹೋಗಿ ಮೈ ಮಂಕಾಗಿ ಕಾಣಬೇಕು, ಬೆರಳು ಇಟ್ಟರೆ ಗುರುತು ಮೂಡಬಾರದು. ಎಲ್ಲರೂ ಎಡವುವುದು ಈ ಹಂತದಲ್ಲೇ.

ಕಿಟಕಿ ತೆರೆದು, ಮಧ್ಯಮ ಉರಿಯಲ್ಲಿ ಕಾಯಿಸಿ. ಹೊಗೆ ಶುರುವಾದ ಮೇಲೆ ಹತ್ತು ನಿಮಿಷ ಬಿಡಿ, ನಡುನಡುವೆ ಕಾವಲಿಯನ್ನು ಸರಿಸುತ್ತ ಅಂಚಿಗೂ ಕಾವು ಸಿಗುವಂತೆ ಮಾಡಿ. ಆರಿಸಿ, ತಾನಾಗಿ ತಣಿಯಲಿ. ಇದನ್ನು ನಾಲ್ಕರಿಂದ ಆರು ಸಲ ಮಾಡಬೇಕು, ಒಂದೇ ದಿನ ಆಗಬೇಕೆಂದಿಲ್ಲ. ಓವನ್ ಇದ್ದರೆ 230 ಡಿಗ್ರಿಯಲ್ಲಿ ಬೋರಲು ಹಾಕಿ ಒಂದು ಗಂಟೆ. ಮೊದಲು ಕಂದು, ಬಳಸುತ್ತ ಹೋದಂತೆ ಕಪ್ಪು.

ಎಣ್ಣೆಯ ವಿಷಯ. ಅಗಸೆ ಎಣ್ಣೆ ಗಾಜಿನಂತೆ ಗಟ್ಟಿ ಪೊರೆ ಕಟ್ಟುತ್ತದೆ ನಿಜ, ಆದರೆ ಆ ಪೊರೆ ಪೆಡಸು. ಮಗುಚುವ ಕೈ ತಾಗಿ ತಾಗಿ ಹಕ್ಕಳೆ ಏಳುತ್ತದೆ. ದುಬಾರಿ ಬೇರೆ. ಸೂರ್ಯಕಾಂತಿ, ಸೋಯಾ ಎಣ್ಣೆ ಸಾಕು. ಕಡಲೆಕಾಯಿ ಎಣ್ಣೆ ಸ್ವಲ್ಪ ನಿಧಾನ, ಒಂದೆರಡು ಸುತ್ತು ಹೆಚ್ಚು ಮಾಡಿದರೆ ಅದೂ ಕೂರುತ್ತದೆ. ಕೊಬ್ಬರಿ ಎಣ್ಣೆ, ತುಪ್ಪ, ಹರಳೆಣ್ಣೆ ಈ ಕೆಲಸಕ್ಕಲ್ಲ. ಒಮ್ಮೆ ಕರಿದ ಎಣ್ಣೆ ಬೇಡವೇ ಬೇಡ.

ಅಕ್ಕಿ ತೊಳೆದ ನೀರಲ್ಲೋ ಗಂಜಿಯಲ್ಲೋ ಎರಡು ಮೂರು ದಿನ ನೆನೆಹಾಕುವ ಹಳೆಯ ಪದ್ಧತಿಯನ್ನೂ ಕೆಲವರು ಕೇಳಿದ್ದಾರೆ. ಹುಳಿತ ಗಂಜಿ ಮೇಲಿನ ಕೊಳೆ, ತುಕ್ಕನ್ನು ಸಡಿಲಿಸುತ್ತದೆ, ಅಷ್ಟೇ. ಪೊರೆ ಕಟ್ಟುವುದು ಎಣ್ಣೆ, ಬೆಂಕಿ ಎರಡೇ. ‘ಪ್ರೀ-ಸೀಸನ್ಡ್’, ಅಂದರೆ ಮೊದಲೇ ಪಳಗಿಸಿದ್ದು, ಎಂದು ಬರೆದ ಕಾವಲಿಗೂ ತೊಳೆದು ಎರಡು ಸುತ್ತು ಮಾಡಿಕೊಳ್ಳಿ.

ಪಡ್ಡಿನ ಹಂಚಾದರೆ ಗುಳಿಗಳ ತಳದಲ್ಲಿ ಎಣ್ಣೆ ಇಳಿದು ಕೂರುತ್ತದೆ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒಂದೊಂದು ಗುಳಿಯನ್ನೂ ತಿರುವಿ ಒರೆಸಿ, ಹೊಗೆ ಬರುವ ಮೊದಲು ಮತ್ತೊಮ್ಮೆ ಒರೆಸಿ. ಮೊದಲ ಒಂದೆರಡು ಸಲ ಸಿಹಿ ಪಡ್ಡು ಹಾಕಬೇಡಿ, ಬೆಲ್ಲ ಹಿಡಿದು ಕಚ್ಚಿದರೆ ಗುಳಿಯ ಪೊರೆಯೂ ಅದರ ಜತೆಗೇ ಬರುತ್ತದೆ.

ಪಳಗಿಸಿದ ಮೇಲೂ ಮೊದಲ ದೋಸೆ ಏಳುವುದೇ ಇಲ್ಲ. ಅದೇ ಕಾವಲಿಯಲ್ಲಿ ರಾತ್ರಿ ಚಪಾತಿಯನ್ನೂ ಮಾಡುತ್ತೇವೆ.
– ಓದುಗರು, ಶಿಡ್ಲಘಟ್ಟ

ಕಾರಣ ನಿಮ್ಮ ಎರಡನೇ ವಾಕ್ಯದಲ್ಲೇ ಇದೆ. ಚಪಾತಿಗೆ ಎಣ್ಣೆಯಿಲ್ಲದೆ ಕಾವಲಿ ಬಹಳ ಕಾಯುತ್ತದೆ, ಉದುರಿದ ಒಣ ಹಿಟ್ಟು ಸೀದು ತರಿಗಳೊಳಗೆ ಕೂರುತ್ತದೆ. ಬೆಳಿಗ್ಗೆ ದೋಸೆಹಿಟ್ಟು ಹಿಡಿಯುವುದು ಆ ಕರಕಿಗೆ. ದೋಸೆಗೊಂದು, ಚಪಾತಿಗೊಂದು ಎಂದು ನಮ್ಮ ಹಿರಿಯರು ಬೇರೆ ಇಡುತ್ತಿದ್ದರಲ್ಲ, ಅದು ಬರೀ ಶಾಸ್ತ್ರವಲ್ಲ. ಚಪಾತಿಗೆ ತಗಡಿನದು ಸಾಕು.

ಕಾವು ನೋಡುವ ಬಗೆಯೂ ಮುಖ್ಯ. ಸಣ್ಣ ಉರಿಯಲ್ಲಿ ಆರೆಂಟು ನಿಮಿಷ ಕಾಯಿಸಿ ನೀರಿನ ಹನಿ ಚಿಮುಕಿಸಿ. ಹನಿ ಗುಂಡಾಗಿ ಮುತ್ತಿನಂತೆ ಓಡಾಡಿದರೆ ಕಾವು ಹೆಚ್ಚು, ಹಿಟ್ಟು ಹರಡುವ ಮೊದಲೇ ಸೌಟಿಗೆ ಸುತ್ತಿಕೊಂಡು ಬರುತ್ತದೆ. ಸುಮ್ಮನೆ ಕೂತು ಗುಳ್ಳೆ ಬಿಟ್ಟರೆ ಕಡಿಮೆ. ‘ಚುಂಯ್’ ಎಂದು ಎರಡು ಮೂರು ಸೆಕೆಂಡಿನಲ್ಲಿ ಇಂಗಿದರೆ ಹದ. ಆಗ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ. ಎಣ್ಣೆ ಕೊಳದಂತೆ ನಿಂತರೆ ಹಿಟ್ಟು ಜಾರುತ್ತದೆ, ಹರಡುವುದಿಲ್ಲ. ಹುಯ್ದ ಮೇಲೆ ಅಂಚು ತಾನಾಗಿ ಬಿಡುವವರೆಗೂ ಕೆರೆಯಬೇಡಿ. ದೋಸೆ ದೋಸೆಗೂ ನಡುವೆ ಒಂದು ಚಮಚ ನೀರು ಚಿಮುಕಿಸಿ ಒರೆಸಿದರೆ ಏರಿದ ಕಾವು ಹದಕ್ಕೆ ಬರುತ್ತದೆ. ಅಷ್ಟು ನೀರಿಗೆ ಬೀಡು ಒಡೆಯುವುದಿಲ್ಲ. ಫ್ರಿಜ್ಜಿನ ಹಿಟ್ಟನ್ನು ಒಂದು ಗಂಟೆ ಮೊದಲೇ ಹೊರಗಿಡಿ.

ಮಗಳಿಗೆ ರಕ್ತಹೀನತೆ. ಬೀಡಿನ ಪಾತ್ರೆಯಲ್ಲಿ ಟೊಮೆಟೊ ಸಾರು ಮಾಡಿದರೆ ಕಬ್ಬಿಣಾಂಶ ಬರುತ್ತದೆಂದು ಹೇಳುತ್ತಾರೆ. ನಿಜವೇ?
– ತಾಯಿ, ಕೋಲಾರ

ಕಬ್ಬಿಣ ಸಾರಿಗೆ ಇಳಿಯುವುದು ನಿಜ. ಟೊಮೆಟೊ ಊರಿನವರಿಗೆ ಹುಳಿಯ ಶಕ್ತಿ ಬೇರೆ ಹೇಳಬೇಕಿಲ್ಲ. ಹುಳಿ ಹೆಚ್ಚಿದಷ್ಟು, ನೀರಿನಂಶ ಹೆಚ್ಚಿದಷ್ಟು, ಕುದಿಯುವ ಹೊತ್ತು ಹೆಚ್ಚಿದಷ್ಟು ಹೆಚ್ಚು ಇಳಿಯುತ್ತದೆ. ಹೊಸ ಪಾತ್ರೆಯಿಂದ ಹೆಚ್ಚು, ಚೆನ್ನಾಗಿ ಪಳಗಿದ್ದರಿಂದ ಕಡಿಮೆ. ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಚಿಕ್ಕ ಮಕ್ಕಳಿಗೆ, ಅಲ್ಯೂಮಿನಿಯಂ ಪಾತ್ರೆಯ ಅಡುಗೆ ಉಂಡವರಿಗಿಂತ ರಕ್ತಹೀನತೆ ಕಡಿಮೆಯಾದದ್ದು 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿದೆ.

ಆದರೆ ನಿಮ್ಮ ಸಾರಿಗೆ ಎಷ್ಟು ಇಳಿಯಿತು, ಅದರಲ್ಲಿ ಮೈಗೆ ಎಷ್ಟು ಹತ್ತಿತು ಎಂದು ಮನೆಯಲ್ಲಿ ಅಳೆಯಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು. ವೈದ್ಯರು ಕೊಟ್ಟ ಮಾತ್ರೆಯ ಬದಲಿಗೆ ಪಾತ್ರೆಯನ್ನು ನಂಬಬೇಡಿ. ಪಳಗಿದ ಕಾವಲಿಯಲ್ಲಿ ಎರಡು ನಿಮಿಷ ಬೇಯುವ ದೋಸೆಯಿಂದ ಬರುವುದಂತೂ ಅಲ್ಪ. ಥಲಸೀಮಿಯಾದಂಥ, ವಂಶದಲ್ಲಿ ಬರುವ ರಕ್ತದ ತೊಂದರೆಯಿಂದ ಮೈಯಲ್ಲಿ ಕಬ್ಬಿಣ ಹೆಚ್ಚಿರುವವರು ಮನೆಯಲ್ಲಿದ್ದರೆ ಬೀಡಿನಲ್ಲಿ ಹುಳಿ ಅಡುಗೆ ಮಾಡಲೇಬಾರದು.

ರುಚಿಯ ಲೆಕ್ಕದಲ್ಲೂ ಸಾರು ಬೀಡಿಗೆ ಹೊಂದುವುದಿಲ್ಲ. ಅರ್ಧ ಗಂಟೆ ಕುದಿದರೆ ಲೋಹದ ಒಗರು ಬರುತ್ತದೆ, ಬದನೆಕಾಯಿ, ಬಾಳೆಕಾಯಿ ಇದ್ದರೆ ಬಣ್ಣ ಕಪ್ಪಾಗುತ್ತದೆ, ಕಷ್ಟಪಟ್ಟು ಕಟ್ಟಿದ ಪೊರೆಯೂ ಕರಗುತ್ತದೆ. ಒಗ್ಗರಣೆಗೆ ಒಂದು ಟೊಮೆಟೊ ಬಾಡಿಸಿ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸುವುದಾದರೆ ಅಡ್ಡಿಯಿಲ್ಲ.

ತೊಳೆದಿಟ್ಟ ಕಾವಲಿಯ ಮೇಲೆ ಬಿಳಿ ಕಲೆ, ಮಾರನೇ ದಿನ ಕೆಂಪು ತುಕ್ಕು. ಬೋರ್‌ವೆಲ್ ನೀರು. ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?
– ಓದುಗರು, ಬಾಗೇಪಲ್ಲಿ

ಹೋಗುವುದಿಲ್ಲ. ಕುದಿದಷ್ಟೂ ನೀರು ಆವಿಯಾಗಿ ಉಳಿದ ನೀರಿನಲ್ಲಿ ಫ್ಲೋರೈಡ್ ದಟ್ಟವಾಗುತ್ತದೆ. ಕುಡಿಯಲು ಶುದ್ಧೀಕರಿಸಿದ ನೀರೇ ಆಗಬೇಕು.

ಬಿಳಿ ಕಲೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದ್ದು, ಅಪಾಯವಿಲ್ಲ. ತೊಳೆದ ಪಾತ್ರೆಯನ್ನು ಒರಗಿಸಿಟ್ಟು ತಾನಾಗಿ ಆರಲು ಬಿಡುವುದೇ ಎರಡಕ್ಕೂ ಮೂಲ. ತೊಳೆದ ಕೂಡಲೇ ಒರೆಸಿ, ಎರಡು ನಿಮಿಷ ಉರಿಯ ಮೇಲಿಟ್ಟು, ನಾಲ್ಕು ಹನಿ ಎಣ್ಣೆ ಸವರಿ ಒರೆಸಿ. ಬೂದಿಯಿಂದ ಬೆಳಗಬೇಡಿ, ಬೂದಿಯ ಕ್ಷಾರ ಎಣ್ಣೆಯ ಪೊರೆಯನ್ನು ಕಿತ್ತುಹಾಕುತ್ತದೆ. ದ್ರವ ಸೋಪು ಒಂದೆರಡು ಹನಿ ಬಳಸಿದರೆ ಏನೂ ಆಗುವುದಿಲ್ಲ. ಸೋಪು ತಾಗಲೇಬಾರದೆಂಬುದು ಉತ್ಪ್ರೇಕ್ಷೆ.

ಇಂಡಕ್ಷನ್ ಒಲೆಗೆ ಆಗುತ್ತದೆಯೇ?
– ಓದುಗರು, ಕೆಜಿಎಫ್

ತಳ ಮಟ್ಟಸವಾಗಿದ್ದರೆ ಆಗುತ್ತದೆ. ಕಡಿಮೆ ಮಟ್ಟದಲ್ಲಿ ಐದು ನಿಮಿಷ ಕಾಯಿಸಿ ಆಮೇಲೆ ಏರಿಸಿ. ಒಮ್ಮೆಗೇ ಜೋರು ಮಾಡಿದರೆ ನಡು ಮಾತ್ರ ಕಾದು ಸೀಳಬಹುದು. ಗಾಜಿನ ಮೇಲೆ ಎಳೆದಾಡಬೇಡಿ, ಎತ್ತಿ ಇಡಿ.

ಅಜ್ಜಿಯ ಕಾಲದ ಬೀಡಿನ ಕಾವಲಿ ಅಟ್ಟದಲ್ಲಿ ಸಿಕ್ಕಿತು. ಪೂರಾ ತುಕ್ಕು, ಅಂಚಿನಲ್ಲಿ ಕೂದಲೆಳೆಯಂಥ ಗೀರು. ಉಳಿಸಬಹುದೇ?
– ಓದುಗರು, ತಿಪಟೂರು

ತುಕ್ಕಿಗೆ ಹೆದರಬೇಡಿ. ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಸೇರಿಸಿ ಉಜ್ಜಿ. ದಪ್ಪ ತುಕ್ಕಿಗೆ ವಿನೆಗರ್, ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಆಮ್ಲ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ತೆಗೆದ ತಕ್ಷಣ ತೊಳೆದು ಬೆಂಕಿಯಲ್ಲಿ ಒಣಗಿಸಿ, ಚಿಂತಾಮಣಿಯವರಿಗೆ ಹೇಳಿದ ಹಾಗೆ ಪಳಗಿಸಿ. ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ಧಾರಾಳ ಇದ್ದರೂ ಇದಕ್ಕೆ ಅದು ಬೇಡ. ಈ ಕಾವಲಿಯಲ್ಲಿ ಯಾರಾದರೂ ಸೀಸ ಕರಗಿಸಿದ್ದುಂಟೇ ಎಂದು ಮನೆಯ ಹಿರಿಯರನ್ನು ಕೇಳಿ. ಹಾಗಿದ್ದರೆ ಎಷ್ಟು ಉಜ್ಜಿದರೂ ಅಡುಗೆಗೆ ಬಾರದು.

ಆದರೆ ಇದೆಲ್ಲ ಮಾಡುವ ಮೊದಲು ಆ ಗೀರು ಏನೆಂದು ನೋಡಿ. ಒಣ ಕಾವಲಿಯ ಆ ಜಾಗಕ್ಕೆ ಎಣ್ಣೆ ಹಚ್ಚಿ, ಮೇಲ್ಮೈ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಗೀರಿನ ಉದ್ದಕ್ಕೂ ಪುಡಿಯಲ್ಲಿ ಎಣ್ಣೆಯ ಗೆರೆ ಮೂಡಿದರೆ ಅದು ಬಿರುಕು. ಮೂಡದಿದ್ದರೆ ಬರೀ ಗೆರೆ, ಧೈರ್ಯವಾಗಿ ಬಳಸಿ. ಬಿರುಕಾದರೆ ಪ್ರತಿ ಸಲ ಕಾದು ಆರುವಾಗಲೂ ಅದು ಮುಂದಕ್ಕೆ ಸರಿಯುತ್ತದೆ, ಒಂದು ದಿನ ಬಿಸಿ ಎಣ್ಣೆಯ ಸಮೇತ ಎರಡು ಹೋಳಾಗಬಹುದು. ನಿಕ್ಕಲ್ ರಾಡಿನಲ್ಲಿ ಬೆಸೆಯುತ್ತೇವೆ ಎನ್ನುವವರಿದ್ದಾರೆ. ಯಂತ್ರದ ಭಾಗಕ್ಕೆ ಅದು ಸರಿ. ದಿನವೂ ಬೆಂಕಿಯ ಮೇಲೇರುವ ಕಾವಲಿಯಲ್ಲಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬಿರುಕು ಬಿಟ್ಟದ್ದನ್ನು ಗುಜರಿಗೆ ಹಾಕಿ, ಹೊಸದನ್ನು ಮೇಲೆ ಹೇಳಿದ ಹಾಗೆ ತಟ್ಟಿ, ತೂಗಿ ತನ್ನಿ.